ಕರೆಯದೆ ಬಂದ ಸಾಕ್ಷಿ

ಶೂದ್ರಕನ ಮೃಚ್ಛಕಟಿಕದ ಒಂಬತ್ತನೆಯ ಅಂಕಕ್ಕೆ ವ್ಯವಹಾರಾಂಕವೆಂದು ಹೆಸರು. ಇದನ್ನು ಓದಿದವರಲ್ಲಿ ಕೆಲವರು ಪ್ರಾಚೀನ ಕಾಲದ ನ್ಯಾಯಸ್ಥಾನದ ಚಿತ್ರವೆಂದು ಮೆಚ್ಚುವರು; ಕೆಲವರು ಸಜ್ಜನನೊಬ್ಬನು ದುರ್ದೈವದ ಬಲೆಗೆ ಸಿಕ್ಕುವ ಕರುಣರಸದ ಸ್ಥಾನವೆಂದು ಕೊಂಡಾಡುವರು. ಎರಡೂ ಸರಿಯೇ. ಆದರೆ ಆ ಅಂಕದ ವಿಚಾರಣೆಯು ಕೇವಲ ಒಂದು ಕೊಲೆಯ ವಿಚಾರಣೆಯಲ್ಲ, ರಾಜಕೀಯದ ನೆರಳು ಬಿದ್ದ ವಿಚಾರಣೆ ಎಂಬುದನ್ನೂ, ಯಾವ ಸಾಕ್ಷಿಯನ್ನು ಕರೆಸಿದರು, ಯಾವನನ್ನು ಕರೆಸದೆ ಬಿಟ್ಟರು ಎಂಬುದೇ ಅದರ ಗಂಟು ಎಂಬುದನ್ನೂ ಗಮನಿಸಿದವರು ವಿರಳ.

ಈ ಗಂಟು ಹಳೆಯ ನಾಟಕದೊಳಗೆ ಮಾತ್ರ ಇರುವುದಲ್ಲ. ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷ ಡೊನಾಲ್ಡ್ ಟ್ರಂಪರ ಮೇಲೆ ದೋಷಾರೋಪಣೆಯಾಗಿ ಸೆನೆಟ್ ಸಭೆಯು ನ್ಯಾಯಸ್ಥಾನವಾಗಿ ಕುಳಿತಾಗ, ೨೦೨೦ನೆಯ ಜನವರಿ ೩೧ರಂದು ಅಲ್ಲಿ ಎದ್ದ ಪ್ರಶ್ನೆ ಇದೇ: ಸಾಕ್ಷಿಗಳನ್ನು ಕರೆಸಬೇಕೆ, ಬೇಡವೆ? ಬೇಡವೆಂದವರು ೫೧ ಮಂದಿ, ಬೇಕೆಂದವರು ೪೯ ಮಂದಿ. ಸಾಕ್ಷಿಯಿಲ್ಲದೆಯೇ ವಿಚಾರಣೆ ಮುಗಿಯಿತು. ಅಷ್ಟು ದೂರಕ್ಕೆ ಹೋಗಬೇಕಾಗಿಯೂ ಇಲ್ಲ. ೧೮೩೧ರಲ್ಲಿ ಮೈಸೂರಿನ ದೊರೆಯೊಬ್ಬರು ಸಾಕ್ಷಿಯೂ ವಿಚಾರಣೆಯೂ ಇಲ್ಲದೆ ಅಧಿಕಾರದಿಂದ ಕೆಳಗಿಳಿದರು. ಸಾಕ್ಷಿಗಳನ್ನು ಕರೆಸಿದ್ದು ಆಮೇಲೆ. ಅದಕ್ಕೆ ಬರುವ ಮುನ್ನ ನಾಟಕದೊಳಗಿನ ವ್ಯವಹಾರವನ್ನು ಬಿಡಿಸಿ ನೋಡುವುದು ಯುಕ್ತ.

ಕಥೆಯು ವಾಚಕರಿಗೆ ಪರಿಚಿತವಾದದ್ದು. ಉಜ್ಜಯಿನಿಯ ಅರಸು ಪಾಲಕ. ಅವನ ಭಾವಮೈದುನನಾದ ಶಕಾರನು ತನ್ನನ್ನು ಒಲ್ಲದ ವಸಂತಸೇನೆಯನ್ನು ಪುಷ್ಪಕರಂಡಕವೆಂಬ ಹಳೆಯ ಉದ್ಯಾನದಲ್ಲಿ ಕತ್ತು ಹಿಸುಕಿ, ಸತ್ತಳೆಂದು ತಿಳಿದು ತರಗೆಲೆ ಮುಚ್ಚಿ, ತಾನೇ ಅಧಿಕರಣಮಂಟಪಕ್ಕೆ ಬಂದು, ಚಾರುದತ್ತನು ಒಡವೆಯಾಸೆಗೆ ಅವಳನ್ನು ಕೊಂದನೆಂದು ದೂರುತ್ತಾನೆ. ಈ ದಿನ ನಿನ್ನ ವ್ಯವಹಾರವನ್ನು ನೋಡಲಾಗದೆಂದು ಅಧಿಕರಣಿಕನು ಹೇಳಿಕಳುಹಿಸಿದರೆ, ಅರಸನಿಗೆ ಹೇಳಿ ಈ ಅಧಿಕರಣಿಕನನ್ನೇ ತೆಗೆಸಿ ಮತ್ತೊಬ್ಬನನ್ನು ಕೂಡಿಸುವೆನೆಂದು ಬೆದರಿಸುತ್ತಾನೆ. ಅಧಿಕರಣಿಕನು ಬಗ್ಗಿ ಅಂದೇ ದೂರನ್ನು ಎತ್ತಿಕೊಳ್ಳುತ್ತಾನೆ. ವಿಚಾರಣೆ ಆರಂಭವಾಗುವ ಮೊದಲೇ ಅದರ ಕೊರಳಿಗೆ ಹಗ್ಗ ಬಿದ್ದಿತೆಂಬುದನ್ನು ಕವಿಯು ಈ ಒಂದು ಸಣ್ಣ ಸಂಭಾಷಣೆಯಿಂದ ತೋರಿಸಿಬಿಟ್ಟಿದ್ದಾನೆ.

ಹಾಗೆಂದು ಅಧಿಕರಣಿಕನು ಮೂಢನೂ ಅಲ್ಲ, ದುಷ್ಟನೂ ಅಲ್ಲ. ಅವನ ಪಕ್ಕದಲ್ಲಿ ಶ್ರೇಷ್ಠಿಯೂ ಕಾಯಸ್ಥನೂ ಕುಳಿತಿದ್ದಾರೆ. ಶಕಾರನು ಬಾಯಿತಪ್ಪಿ ‘ನಾನಲ್ಲ’ ಎಂಬ ಅರ್ಥದ ಮಾತನ್ನಾಡಿದಾಗ, ಕೇಳದ ಪ್ರಶ್ನೆಗೆ ಉತ್ತರ ಬಂದಿತಲ್ಲ ಎಂದು ಅವರು ಅದನ್ನು ಬರೆದಿಡಿಸುತ್ತಾರೆ. ಶಕಾರನು ಗಾಬರಿಗೊಂಡು ಆ ಬರಹವನ್ನು ಕಾಲಿನಿಂದ ಅಳಿಸುತ್ತಾನೆ. ಅಧಿಕರಣಿಕನು ಚಾರುದತ್ತನನ್ನು ಕರೆಸುವಾಗಲೂ ಮರ್ಯಾದೆಯಿಂದ ಕರೆಸಿ ಆಸನವನ್ನು ಕೊಡಿಸುತ್ತಾನೆ. ವಸಂತಸೇನೆಯ ತಾಯಿಯನ್ನು ಕರೆಸಿ ಮಗಳು ಎಲ್ಲಿಗೆ ಹೋದಳೆಂದು ಕೇಳುತ್ತಾನೆ. ಚಾರುದತ್ತನ ಮನೆಗೆಂದು ಅವಳು ನಾಚುತ್ತಲೇ ನುಡಿಯುತ್ತಾಳೆ. ಅಷ್ಟರಲ್ಲಿ ನಗರರಕ್ಷಕರಲ್ಲೊಬ್ಬನಾದ ವೀರಕನು, ಚಂದನಕನು ತನ್ನನ್ನು ಒದ್ದನೆಂಬ ಬೇರೆ ದೂರನ್ನು ಹೊತ್ತು ಬಂದು, ಮಾತಿನ ನಡುವೆ, ಚಾರುದತ್ತನ ಗಾಡಿಯು ವಸಂತಸೇನೆಯನ್ನು ಉದ್ಯಾನಕ್ಕೆ ಒಯ್ಯುತ್ತಿದ್ದಿತೆಂದು ಗಾಡಿಯವನು ಹೇಳಿದನೆಂದು ತಿಳಿಸುತ್ತಾನೆ. ಅಧಿಕರಣಿಕನು ಅವನನ್ನು ಬಾಗಿಲಲ್ಲಿದ್ದ ಕುದುರೆಯ ಮೇಲೆ ಉದ್ಯಾನಕ್ಕೆ ಅಟ್ಟುತ್ತಾನೆ. ಹೆಂಗಸೊಬ್ಬಳ ಶವವನ್ನು ಮೃಗಗಳು ಎಳೆದಾಡಿವೆಯೆಂದು ವೀರಕನು ಬಂದು ಹೇಳುತ್ತಾನೆ. ಕೊನೆಗೆ ವಿದೂಷಕ ಮೈತ್ರೇಯನ ಕಂಕುಳಿನಿಂದ ವಸಂತಸೇನೆಯ ಒಡವೆಗಳು ನ್ಯಾಯಸ್ಥಾನದ ನಡುವೆ ಉದುರುತ್ತವೆ. ತಾಯಿಯು ಇವು ಅವಳವಲ್ಲ, ಅಂಥವು ಎಂದು ಚಾರುದತ್ತನನ್ನು ಉಳಿಸಲು ನೋಡಿದರೂ ಚಾರುದತ್ತನು ತಾನೇ ಅವು ಅವಳವೆಂದು ಒಪ್ಪಿಕೊಳ್ಳುತ್ತಾನೆ.

ಇಲ್ಲಿಗೆ ವ್ಯವಹಾರ ಮುಗಿದಂತಾಯಿತು. ಆದರೆ ಮುಗಿಯಬೇಕಾಗಿತ್ತೆ? ವೀರಕನು ಹೇಳಿದ್ದು ತಾನು ಕಂಡದ್ದನ್ನಲ್ಲ. ಗಾಡಿಯವನ ಬಾಯಿಂದ ಕೇಳಿದ್ದನ್ನು. ಕಣಕಟ್ಟೆ ಹೋಬಳಿಯ ಯಾವ ಹಳ್ಳಿಯ ಪಂಚಾಯಿತಿದಾರನನ್ನು ಕೇಳಿದರೂ, ಗಾಡಿಯ ಮಾತು ಬಂದ ಮೇಲೆ ಮೊದಲು ಗಾಡಿ ಹೊಡೆದವನನ್ನು ಕರೆಯಿರಿ ಎಂದಾನು. ಚಾರುದತ್ತನ ಗಾಡಿಯನ್ನು ಹೊಡೆದವನು ವರ್ಧಮಾನಕ. ಅವನ ಹೆಸರನ್ನು ನ್ಯಾಯಸ್ಥಾನದಲ್ಲಿ ಒಬ್ಬರೂ ಎತ್ತುವುದಿಲ್ಲ. ಕುದುರೆಯನ್ನು ಕೊಟ್ಟು ಶವವನ್ನು ಹುಡುಕಿಸಿದ ಅಧಿಕರಣಿಕನು ಬದುಕಿರುವ ಗಾಡಿಯವನನ್ನು ಹುಡುಕಿಸಲಿಲ್ಲ. ಕವಿಯ ಮರೆವು ಇದೆಂದು ಹೇಳುವ ವಿಮರ್ಶಕರಿರಬಹುದು. ಮರೆವಲ್ಲವೆಂಬುದಕ್ಕೆ ನಾಟಕದೊಳಗೇ ಆಧಾರವಿದೆ.

ಆ ಗಾಡಿಯಲ್ಲಿ ಅಂದು ಕುಳಿತಿದ್ದವಳು ವಸಂತಸೇನೆಯಲ್ಲ. ಗಾಡಿಗಳು ಅದಲುಬದಲಾಗಿ ಅವಳು ಶಕಾರನ ಗಾಡಿಯನ್ನು ಹತ್ತಿದಳು. ಚಾರುದತ್ತನ ಗಾಡಿಯನ್ನು ಹತ್ತಿದವನು ಪಾಲಕನ ಸೆರೆಯಿಂದ ತಪ್ಪಿಸಿಕೊಂಡ ಆರ್ಯಕ, ಮುಂದೆ ಅರಸನಾಗುವನೆಂದು ಸಿದ್ಧರು ಹೇಳಿದ್ದ ಗೋಪಾಲಪುತ್ರ. ಚಾರುದತ್ತನು ಅವನಿಗೆ ಅಭಯವನ್ನಿತ್ತು, ಗಾಡಿಯನ್ನೇ ಕೊಟ್ಟು ಕಳುಹಿಸಿದನು. ನ್ಯಾಯಸ್ಥಾನಕ್ಕೆ ಬರುವ ದಾರಿಯಲ್ಲಿ ಅವನಿಗೆ ಉಂಟಾದ ಭಯವೂ ಇದೇ: ಗೂಢಚಾರರಿಂದ ಅರಸನಿಗೆ ಆ ಸಂಗತಿ ತಿಳಿಯಿತೇನೋ ಎಂದು. ಹೀಗಿರಲು ವರ್ಧಮಾನಕನನ್ನು ಕರೆಯಿರಿ ಎಂದು ಚಾರುದತ್ತನು ಹೇಗೆ ಹೇಳಿಯಾನು? ಕೊಲೆಯ ಆರೋಪ ಹರಿಯುತ್ತದೆ, ರಾಜದ್ರೋಹದ ಆರೋಪ ಹುಟ್ಟುತ್ತದೆ. ಅಲ್ಲದೆ ಶರಣು ಬಂದವನು ಸಿಕ್ಕಿಬೀಳುತ್ತಾನೆ. ವಸಂತಸೇನೆಯಿಲ್ಲದ ಬಾಳಿನಲ್ಲಿ ಅವನಿಗೆ ಆಸೆಯಿರಲಿಲ್ಲವೆಂಬುದು ನಿಜ. ಆದರೂ ಅವನ ಮೌನವೆಲ್ಲವನ್ನೂ ವಿರಹದ ಲೆಕ್ಕಕ್ಕೆ ಬರೆಯುವುದು ಕವಿಗೆ ಅನ್ಯಾಯ. ಅವನು ಬಾಯಿಮುಚ್ಚಿದ್ದು ಒಬ್ಬ ನಿರಪರಾಧಿಯ ಪ್ರಾಣಕ್ಕಾಗಿಯೂ ಹೌದು.

ರಾಜಕೀಯ ವಿಚಾರಣೆಯಲ್ಲಿ ಸಾಕ್ಷಿಗೆ ಇರುವ ವೈಲಕ್ಷಣ್ಯವು ಇದರಿಂದ ಗೊತ್ತಾಗುತ್ತದೆ. ಹೊಲದ ಬದುವಿನ ಜಗಳದಲ್ಲಿ ಸಾಕ್ಷಿಯು ಒಂದು ಪಕ್ಷಕ್ಕೆ ಬೇಕಾದವನು, ಇನ್ನೊಂದಕ್ಕೆ ಬೇಡವಾದವನು. ರಾಜ್ಯದ ಜಗಳದಲ್ಲಾದರೋ ಅವನು ಎರಡು ಪಕ್ಷಕ್ಕೂ ಅಂಜಿಕೆಯ ವಸ್ತು. ಆದುದರಿಂದಲೇ ಇಂತಹ ಸಭೆಗಳಲ್ಲಿ ಸಾಕ್ಷಿಯನ್ನು ಕರೆಸುವ ಭಾರವನ್ನು ವಾದಿಪ್ರತಿವಾದಿಗಳ ಮೇಲೆ ಹೊರಿಸಿ ಸಭೆಯು ಸುಮ್ಮನೆ ಕುಳಿತರೆ, ಇಬ್ಬರೂ ಕರೆಸರು, ಸಭೆಯೇ ಕರೆಸಬೇಕು. ಅಧಿಕರಣಿಕನ ತಪ್ಪು ಇಲ್ಲಿದೆ.

ಇನ್ನೊಬ್ಬ ಸಾಕ್ಷಿ ಸ್ಥಾವರಕ. ಶಕಾರನ ಗಾಡಿಯವನು, ಅವನ ಆಳು. ವಸಂತಸೇನೆಯನ್ನು ಕೊಲ್ಲೆಂದು ಒಡೆಯನು ಚಿನ್ನದ ಆಸೆ ತೋರಿಸಿದಾಗಲೂ, ಹೊಡೆದಾಗಲೂ, ಒಲ್ಲೆನೆಂದವನು. ಅವನನ್ನು ಶಕಾರನು ತನ್ನ ಉಪ್ಪರಿಗೆಯಲ್ಲಿ ಸಂಕೋಲೆಯಿಕ್ಕಿ ಕೂಡಿಹಾಕಿದ್ದಾನೆ. ಹತ್ತನೆಯ ಅಂಕದಲ್ಲಿ ಚಾರುದತ್ತನನ್ನು ಶೂಲಕ್ಕೆ ಒಯ್ಯುವ ಡಂಗುರವನ್ನು ಕೇಳಿ ಅವನು ಗವಾಕ್ಷದಿಂದ ಕೆಳಕ್ಕೆ ಧುಮುಕಿ, ಕೊಂದವನು ನನ್ನ ಒಡೆಯ ಎಂದು ಬೀದಿಯಲ್ಲಿ ಕೂಗುತ್ತಾನೆ. ಶಕಾರನು ಗುಟ್ಟಾಗಿ ಚಿನ್ನದ ಕಡಗವನ್ನು ಅವನ ಕೈಗಿಡುತ್ತಾನೆ. ಆಳು ಅದನ್ನು ಎತ್ತಿ ಎಲ್ಲರಿಗೂ ತೋರಿಸುತ್ತಾನೆ. ತಕ್ಷಣ ಶಕಾರನು ಅದನ್ನು ಕಿತ್ತುಕೊಂಡು, ಇವನು ಕದ್ದ ಚಿನ್ನ ಇದೇ, ಇದಕ್ಕಾಗಿಯೇ ಇವನನ್ನು ಕಟ್ಟಿಹಾಕಿದ್ದೆನು, ಆ ದ್ವೇಷದಿಂದ ಹೀಗೆನ್ನುತ್ತಾನೆ ಎನ್ನುತ್ತಾನೆ. ಜನರು ನಂಬುತ್ತಾರೆ. ನಾಟಕದಲ್ಲಿ ಇದಕ್ಕಿಂತ ಎದೆ ಒಡೆಯುವ ಸ್ಥಾನ ಮತ್ತೊಂದಿಲ್ಲ. ವಧ್ಯಪಟಹದ ಸದ್ದಿಗಿಂತ ಆ ಆಳಿನ ಅಸಹಾಯತೆಯೇ ಹೆಚ್ಚು ಕಾಡುತ್ತದೆ.

ಇಲ್ಲಿ ಧರ್ಮಶಾಸ್ತ್ರದ ಸಹಾಯವಿಲ್ಲದೆ ಕವಿಯ ಅಭಿಪ್ರಾಯವು ಪೂರ್ಣವಾಗಿ ತಿಳಿಯದು. ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯು ಕನ್ನಡನಾಡು ಭರತಖಂಡಕ್ಕೆ ಕೊಟ್ಟ ಕಾಣಿಕೆಗಳಲ್ಲಿ ಒಂದು. ಕಾಲದಲ್ಲಿ ಅದು ಶೂದ್ರಕನಿಗೆ ಈಚಿನದಾದರೂ ಅದು ವಿವರಿಸುವ ಸ್ಮೃತಿಗಳು ಹಳೆಯವು. ಸಾಮಾನ್ಯವಾಗಿ ಸಾಕ್ಷಿಗಳು ಮೂವರಿಗೆ ಕಡಮೆಯಿರಬಾರದು, ಸದಾಚಾರಿಗಳಾಗಿರಬೇಕು. ಕಳವು, ಸಾಹಸ ಮೊದಲಾದವುಗಳಲ್ಲಿ ಮಾತ್ರ ಈ ನಿಯಮವು ಸಡಿಲ, ಯಾರಾದರೂ ಸಾಕ್ಷಿಯಾಗಬಹುದು. ಕೊಲೆಯು ಸಾಹಸಗಳಲ್ಲಿ ಮೊದಲನೆಯದು. ಆದ್ದರಿಂದ ಆಳೆಂಬ ಕಾರಣಕ್ಕೆ ಸ್ಥಾವರಕನು ಅನರ್ಹನಲ್ಲ. ಆದರೆ ಅಲ್ಲಿಯೂ ಕೆಲವರನ್ನು ವಿಜ್ಞಾನೇಶ್ವರನು ಒಳಗೆ ಬಿಡುವುದಿಲ್ಲ: ಕಳ್ಳತನವೇ ಮೊದಲಾದ ದೋಷವುಳ್ಳವನು, ಒಬ್ಬರ ಮಾತನ್ನೊಬ್ಬರು ಮುರಿಯುವ ಸಾಕ್ಷಿಗಳು, ಮತ್ತು ಯಾರೂ ಕರೆಯದೆ ತಾನಾಗಿ ಬಂದು ನುಡಿಯುವವನು. ಈ ಕಡೆಯವನಿಗೆ ಸ್ವಯಮುಕ್ತಿಯೆಂದು ಪಾರಿಭಾಷಿಕ ನಾಮ.

ಶಕಾರನು ಕಡಗವನ್ನು ಹಿಡಿದು ಕಳ್ಳನೆಂದು ಕೂಗಿದ್ದು ಮೂರ್ಖನ ಕೂಗಲ್ಲವೆಂಬುದು ಈಗ ಸ್ಪಷ್ಟ. ನಾಟಕದುದ್ದಕ್ಕೂ ರಾಮಾಯಣ ಭಾರತಗಳ ಹೆಸರುಗಳನ್ನು ಕಲಸಿ ನಗಿಸುವ ಈ ಮೂಢನು, ಸಾಕ್ಷಿಯ ಅರ್ಹತೆಯನ್ನು ಕೆಡಿಸುವುದರಲ್ಲಿ ಮಾತ್ರ ಒಳ್ಳೆಯ ಪಂಡಿತ. ಅವನು ಆಳನ್ನು ದೋಷಿಗಳ ಪಂಕ್ತಿಗೆ ನೂಕಿದನು. ಸ್ವಯಮುಕ್ತಿಯ ಪಂಕ್ತಿಗೆ ನೂಕಿದವನಾದರೋ ಅಧಿಕರಣಿಕನೇ. ಅದೇ ಮಾತುಗಳನ್ನು ಮೊದಲೇ ಕರೆಸಿ ಕೇಳಿದ್ದರೆ ಅವು ಸಾಕ್ಷ್ಯ. ಉಪ್ಪರಿಗೆಯಿಂದ ಧುಮುಕಿ ಕೂಗಿದಾಗ ಅವು ಬೀದಿಯ ಗದ್ದಲ. ಸತ್ಯದಲ್ಲಿ ಭೇದವಿಲ್ಲ, ಬಲದಲ್ಲಿ ಭೇದ. ಕರೆಯುವ ಸಭೆಯಿಲ್ಲದಿದ್ದರೆ ಕಂಡವನಿದ್ದೂ ಸಾಕ್ಷಿಯಿಲ್ಲ.

ಈಗ ಮೈಸೂರಿಗೆ ಬರಬಹುದು. ೧೭೯೯ರ ಸಂಧಿಪತ್ರದಂತೆ ಮುಮ್ಮಡಿ ಕೃಷ್ಣರಾಜ ಒಡೆಯರು ಐದು ವರುಷದ ಬಾಲಕರಾಗಿ ಸಿಂಹಾಸನವನ್ನೇರಿದರು. ವರುಷಕ್ಕೆ ಏಳು ಲಕ್ಷ ವರಹಗಳ ಪೊಗದಿಯು ಕಂಪನಿಗೆ ಸಲ್ಲಬೇಕಾಗಿತ್ತು. ಆಡಳಿತವು ಕೆಟ್ಟು ಪೊಗದಿಗೆ ಭಂಗ ಬರುವ ಭಯವುಂಟಾದರೆ ಕಂಪನಿಯು ದೇಶವನ್ನು ಕೈಗೆ ತೆಗೆದುಕೊಳ್ಳಬಹುದೆಂದು ಅದೇ ಪತ್ರದಲ್ಲಿ ಒಂದು ಕಲಮು. ೧೮೩೦ರಲ್ಲಿ ನಗರದ ಸೀಮೆಯ ರೈತರು ಕೂಟ ಸೇರಿದರು. ತರೀಕೆರೆಯ ಪಾಳೆಯಗಾರರ ಮನೆತನವೂ ಸೇರಿಕೊಂಡಿತು. ಕಣಕಟ್ಟೆಯಿಂದ ಎತ್ತಿನ ಗಾಡಿಗೆ ತರೀಕೆರೆ ಎರಡು ದಿನದ ದಾರಿಗಿಂತ ಹೆಚ್ಚಲ್ಲ. ದಂಗೆಯನ್ನಡಗಿಸಲು ಕಂಪನಿಯ ದಂಡು ಬಂದಿತು. ದಂಡಿನ ಹಿಂದೆಯೇ, ೧೮೩೧ರ ಸೆಪ್ಟೆಂಬರಿನಲ್ಲಿ ಬರೆದ ಗವರ್ನರ್ ಜನರಲ್ ಬೆಂಟಿಂಕನ ಪತ್ರ ಬಂದಿತು. ಅಕ್ಟೋಬರಿನಲ್ಲಿ ಅರಸರು ಅಧಿಕಾರವನ್ನು ಒಪ್ಪಿಸಿದರು.

ಇದಕ್ಕೆ ಆಧಾರವು ಕಂಪನಿಯ ಅಧಿಕಾರಿಗಳು ಬರೆದ ವರದಿಗಳು. ಅರಸರನ್ನು ಕೇಳಲಿಲ್ಲ, ರೈತರನ್ನೂ ಕೇಳಲಿಲ್ಲ, ಅಮಲ್ದಾರರನ್ನೂ ಕೇಳಲಿಲ್ಲ. ಕೇಳಿದ್ದು ಆಮೇಲೆ. ದಂಗೆಯ ಕಾರಣಗಳನ್ನು ವಿಚಾರಿಸಲು ಹಾಕರ್, ಮಾರಿಸನ್, ಮೆಕ್ಲಿಯಾಡ್, ಕಬ್ಬನ್ ಎಂಬ ನಾಲ್ವರ ಸಮಿತಿಯು ನೇಮಕವಾಗಿ, ಸಾಕ್ಷಿಗಳ ಹೇಳಿಕೆಗಳನ್ನು ಬರೆದುಕೊಂಡು, ೧೮೩೩ರ ಡಿಸೆಂಬರಿನಲ್ಲಿ ವರದಿಯನ್ನು ಒಪ್ಪಿಸಿತು. ಆ ವರದಿಯು ಅರಸರನ್ನು ನಿರ್ದೋಷಿಗಳೆಂದು ಹೇಳಲಿಲ್ಲವೆಂಬುದನ್ನು ಮರೆಯಬಾರದು. ಇಷ್ಟು ಹಣವನ್ನು ಕೂಡಿಸಿಕೊಡುವೆನೆಂದು ಅಮಲ್ದಾರರು ಕರಾರು ಬರೆದು ರೈತರನ್ನು ಹಿಂಡುತ್ತಿದ್ದ ಶರ್ತಿ ಪದ್ಧತಿಯೂ, ಲಂಚಕೋರತನವೂ ಅದರಲ್ಲಿ ದಾಖಲಾದವು. ಆದರೆ ಹೇಳಿಕೆಗಳು ಬಂದ ಮೇಲೆ ಬೆಂಟಿಂಕನಿಗೇ ತನ್ನ ಕ್ರಮವು ಪೂರ್ತಿ ನ್ಯಾಯವೆಂದು ತೋರಲಿಲ್ಲ. ೧೮೩೪ರಲ್ಲಿ ರಾಜ್ಯದ ಒಂದು ಭಾಗವನ್ನು ಅರಸರಿಗೆ ಮರಳಿ ಕೊಡಬೇಕೆಂದು ಅವನು ಸಲಹೆಯಿತ್ತನು. ವಿಲಾಯಿತಿಯಲ್ಲಿದ್ದ ಡೈರೆಕ್ಟರರು ಒಪ್ಪಲಿಲ್ಲ. ವಿಚಾರಕರಲ್ಲೊಬ್ಬನಾದ ಕಬ್ಬನನೇ ಅದೇ ವರುಷ ಕಮಿಷನರನಾಗಿ ೧೮೬೧ರವರೆಗೆ ನಾಡನ್ನಾಳಿದನು. ಅರಸರು ೧೮೬೮ರಲ್ಲಿ ಅಧಿಕಾರವಿಲ್ಲದೆಯೇ ಕಾಲವಾದರು. ರಾಜ್ಯವು ಹಿಂದಿರುಗಿದ್ದು ೧೮೮೧ರಲ್ಲಿ, ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ.

ನಗರದ ರೈತನೊಬ್ಬನು ೧೮೩೨ರ ಸುಮಾರಿಗೆ ಸಮಿತಿಯ ಮುಂದೆ ನಿಂತು ನುಡಿದ ಮಾತು ಉಪ್ಪರಿಗೆಯಿಂದ ಧುಮುಕಿದ ಸ್ಥಾವರಕನ ಮಾತಿನಂತೆಯೇ ಆಯಿತು. ವ್ಯತ್ಯಾಸವೇನೆಂದರೆ, ರೈತನನ್ನು ಕರೆದರು, ತೀರ್ಪಾದ ಮೇಲೆ ಕರೆದರು.

ಸಾಕ್ಷಿ ಬೇಡವೆನ್ನುವವರ ಪಕ್ಷದಲ್ಲಿಯೂ ಹುರುಳಿಲ್ಲದೆ ಇಲ್ಲ. ಬರಹವಿದ್ದಲ್ಲಿ ಬಾಯಿಮಾತೇಕೆ? ಬಸವಣ್ಣನವರು ಬಿಜ್ಜಳನ ಬೊಕ್ಕಸವನ್ನು ಜಂಗಮರಿಗೆ ಸೂರೆಗೊಟ್ಟರೆಂದು ಕೊಂಡೆಯರು ದೂರಿದಾಗ, ಬಸವಪುರಾಣದ ಕಥೆಯಲ್ಲಿ ಯಾವ ಸಾಕ್ಷಿಯೂ ಬರುವುದಿಲ್ಲ. ಬೊಕ್ಕಸವನ್ನು ತೆರೆದು ಎಣಿಸುತ್ತಾರೆ, ಲೆಕ್ಕ ಸರಿಯಿರುತ್ತದೆ, ದೂರು ಬೀಳುತ್ತದೆ. ಎಣಿಸಿ ಮುಗಿಸಬಹುದಾದದ್ದಕ್ಕೆ ಸಾಕ್ಷಿಗಳ ಸಾಲು ಕಾಲಹರಣವೇ. ಇನ್ನು ಸಾಕ್ಷಿಗಳು ಹೆಚ್ಚಾದರೆ ಆಗುವ ಗತಿಗೆ ವಾರನ್ ಹೇಸ್ಟಿಂಗ್ಸನ ವಿಚಾರಣೆಯೇ ಸಾಕು. ೧೭೮೮ರಲ್ಲಿ ಲಂಡನಿನಲ್ಲಿ ಆರಂಭವಾದದ್ದು ೧೭೯೫ರಲ್ಲಿ ಮುಗಿಯಿತು. ಶ್ರೀರಂಗಪಟ್ಟಣವನ್ನು ಮುತ್ತಿ ಹೋದ ಕಾರ್ನ್‌ವಾಲಿಸನೂ ಊರಿಗೆ ಹಿಂದಿರುಗಿ ಅಲ್ಲಿ ಸಾಕ್ಷಿ ಹೇಳಿದನು. ತೀರ್ಪು ಕೊಡಲು ಉಳಿದಿದ್ದ ಪ್ರಭುಗಳು ೨೯ ಮಂದಿ. ಹೇಸ್ಟಿಂಗ್ಸನು ಬಿಡುಗಡೆ ಹೊಂದಿದನು, ಆದರೆ ಅವನ ಐಶ್ವರ್ಯವೆಲ್ಲ ವಕೀಲರ ಪಾಲಾಯಿತು. ಅಲ್ಲಿ ಶಿಕ್ಷೆಯೆಂದರೆ ವಿಚಾರಣೆಯೇ.

ಆದರೆ ಗಾಡಿಯೊಳಗೆ ಯಾರಿದ್ದರೆಂಬುದು ಎಣಿಸಿ ತಿಳಿಯುವ ವಿಷಯವಲ್ಲ. ಮೈತ್ರೇಯನ ಕಂಕುಳಿನಿಂದ ಬಿದ್ದ ಒಡವೆಗಳೂ ಬರಹದಂತೆಯೇ ಮೂಕ ಪ್ರಮಾಣ. ಅವು ವಸಂತಸೇನೆಯವು ನಿಜ. ಮಣ್ಣಿನ ಬಂಡಿ ಬೇಡ, ಚಿನ್ನದ ಬಂಡಿ ಬೇಕೆಂದು ಅತ್ತ ಮಗು ರೋಹಸೇನನಿಗೆ ಅವಳೇ ಬಿಚ್ಚಿಕೊಟ್ಟವು ಎಂಬುದು ಹೆಚ್ಚು ನಿಜ. ಅದನ್ನು ಹೇಳಬಲ್ಲ ದಾಸಿ ಮನೆಯಲ್ಲಿದ್ದಳು. ಅವಳನ್ನೂ ಯಾರೂ ಕರೆಯಲಿಲ್ಲ.

ಸ್ವತಂತ್ರ ಭಾರತದ ಕಾನೂನು ಈ ವಿಷಯದಲ್ಲಿ ಒಂದು ನಡುದಾರಿಯನ್ನು ಹಿಡಿದಿದೆ. ಉಚ್ಚ ನ್ಯಾಯಾಲಯಗಳ ನ್ಯಾಯಾಧೀಶರ ಮೇಲೆ ಆರೋಪ ಬಂದರೆ, ೧೯೬೮ರ ಕಾಯಿದೆಯಂತೆ ಮೂವರ ಸಮಿತಿಯು ಸಾಕ್ಷಿಗಳನ್ನು ಕರೆಸಿ ವಿಚಾರಿಸುತ್ತದೆ. ತೆಗೆಯುವುದೋ ಬಿಡುವುದೋ ಎಂಬುದನ್ನು ಸಂಸತ್ತಿನ ಸಭೆಗಳು ನಿರ್ಧರಿಸುತ್ತವೆ. ಮೃಚ್ಛಕಟಿಕದ ಅಧಿಕರಣಿಕನು ಹೇಳುವುದೂ ಇದನ್ನೇ: ನಿರ್ಣಯ ತನ್ನದು, ಮಿಕ್ಕದ್ದು ಅರಸನದು. ಅವನು ಬ್ರಾಹ್ಮಣನಾದ ಚಾರುದತ್ತನಿಗೆ ವಧೆ ಸಲ್ಲದು, ಗಡೀಪಾರು ಸಾಕೆಂದು ಬರೆದು ಕಳುಹಿಸಿದರೆ, ಪಾಲಕನು ಶೂಲವೆಂದನು. ೧೯೯೩ರಲ್ಲಿ ನ್ಯಾಯಾಧೀಶ ವಿ. ರಾಮಸ್ವಾಮಿಯವರ ವಿಷಯದಲ್ಲಿ ಇದಕ್ಕೆ ತಿರುಗುಮುರುಗಾದದ್ದು ನಡೆಯಿತು. ಸಮಿತಿಯು ೧೪ ಆರೋಪಗಳಲ್ಲಿ ೧೧ ಸ್ಥಿರಪಟ್ಟುವೆಂದಿತು. ಲೋಕಸಭೆಯಲ್ಲಿ ತೆಗೆಯಬೇಕೆಂದವರು ೧೯೬, ಬೇಡವೆಂದವರು ಒಬ್ಬರೂ ಇಲ್ಲ, ಯಾವುದನ್ನೂ ಹೇಳದೆ ಕುಳಿತವರು ೨೦೫. ಗೊತ್ತುವಳಿ ಬಿದ್ದುಹೋಯಿತು. ಸಾಕ್ಷ್ಯವನ್ನು ಕೇಳಿದವರು ಬೇರೆ, ಕೈಯೆತ್ತುವವರು ಬೇರೆ ಆದಾಗ ಹೀಗಾಗುವುದು ಆಶ್ಚರ್ಯವಲ್ಲ.

ಕರ್ನಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದ ಪಿ. ಡಿ. ದಿನಕರನ್ ಅವರ ಪ್ರಕರಣವು ಅಷ್ಟು ದೂರಕ್ಕೂ ಹೋಗಲಿಲ್ಲ. ೨೦೦೯ರ ಡಿಸೆಂಬರಿನಲ್ಲಿ ರಾಜ್ಯಸಭೆಯ ೭೫ ಸದಸ್ಯರು ಸೂಚನೆಗೆ ಸಹಿ ಹಾಕಿದರು, ಸಮಿತಿಯಾಯಿತು, ಆರೋಪಗಳನ್ನು ಬರೆದದ್ದೂ ಆಯಿತು. ಸಮಿತಿಯ ಸದಸ್ಯರೊಬ್ಬರ ಮೇಲೆ ದಿನಕರನ್ ಎತ್ತಿದ ಆಕ್ಷೇಪಣೆಯನ್ನು ಸುಪ್ರೀಂ ಕೋರ್ಟು ಮನ್ನಿಸಿತೆಂಬುದನ್ನೂ ಹೇಳಬೇಕು. ೨೦೧೧ರ ಜುಲೈಯಲ್ಲಿ ಅವರು ರಾಜೀನಾಮೆಯಿತ್ತರು, ವಿಚಾರಣೆ ಅಲ್ಲಿಗೆ ನಿಂತಿತು. ಆರೋಪಗಳು ಸಿದ್ಧವೂ ಆಗಲಿಲ್ಲ, ಸುಳ್ಳೂ ಆಗಲಿಲ್ಲ. ದೋಷಿಗೆ ಇದು ಲಾಭವೆನ್ನಬಹುದು. ನಿರ್ದೋಷಿಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ. ಕರೆಯಬೇಕಾಗಿದ್ದ ಸಾಕ್ಷಿಗಳು ತಮ್ಮ ತಮ್ಮ ಮನೆಗಳಲ್ಲಿಯೇ ಉಳಿದರು.

ಶೂದ್ರಕನು ಸಭೆಯ ಈ ಲೋಪವನ್ನು ತುಂಬಲು ದೈವವನ್ನು ಕರೆತಂದನು. ವಸಂತಸೇನೆಯು ಸತ್ತಿರಲಿಲ್ಲ, ಬೌದ್ಧ ಭಿಕ್ಷುವೊಬ್ಬನು ಅವಳನ್ನು ಉಪಚರಿಸಿ, ಶೂಲದ ಬಳಿಗೆ ಸರಿಯಾದ ಹೊತ್ತಿಗೆ ಕರೆದುಕೊಂಡು ಬರುತ್ತಾನೆ. ಸತ್ತವಳೇ ಎದ್ದು ಬಂದು ನಿಂತ ಮೇಲೆ ಅವಳ ಅರ್ಹತೆಯನ್ನು ಯಾರು ಪ್ರಶ್ನಿಸಿಯಾರು? ನಾಟಕದಲ್ಲಿ ಇದು ಸೊಗಸು. ಲೋಕದಲ್ಲಿ ಇಂತಹ ಸಾಕ್ಷಿಯನ್ನು ಕಾದು ಕೂಡುವ ಸಭೆಗೆ ಬುದ್ಧಿಯಿಲ್ಲವೆಂದೇ ಹೇಳಬೇಕಾಗುತ್ತದೆ. ಅತ್ತ ಆರ್ಯಕನು ಪಾಲಕನನ್ನು ಕೊಂದು ಪಟ್ಟವೇರುತ್ತಾನೆ. ಆಮೇಲೆ ಉಡುಗೊರೆಗಳ ಸರದಿ. ಸ್ಥಾವರಕನಿಗೆ ದಾಸ್ಯದಿಂದ ಬಿಡುಗಡೆ. ಭಿಕ್ಷುವಿಗೆ ವಿಹಾರಗಳೆಲ್ಲದರ ಒಡೆತನ. ಚಂಡಾಲರಿಗೆ ತಮ್ಮವರ ಯಜಮಾನಿಕೆ. ಚಂದನಕನಿಗೆ ದಂಡಪಾಲಕರ ಮುಖ್ಯಸ್ಥಾನ. ಶಕಾರನಿಗೂ ಚಾರುದತ್ತನಿಂದ ಅಭಯ ದೊರೆಯುತ್ತದೆ. ಅಧಿಕರಣಿಕನು ಏನಾದನೆಂಬುದನ್ನು ಮಾತ್ರ ಕವಿಯು ಹೇಳಿಲ್ಲ.